ಕಾರು ಬಿಸಿಯಾಗೋದು ಎಲ್ಲಿ?

ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್‌ನಲ್ಲಿ ಸಿಗ್ನಲ್‌ಗೆ ನಿಂತಿದ್ದೆ. ನಮ್ಮ ಹಳೇ ಕಾರಿನ ಟೆಂಪರೇಚರ್ ಮುಳ್ಳು ಸರಸರ ಮೇಲೇರಿತು. ಗದಗ ರಸ್ತೆ ಹಿಡಿದು ಓಡಿಸಿದೆ, ತಾನಾಗೇ ಇಳಿಯಿತು. ಗ್ಯಾರೇಜಿನಲ್ಲಿ, "ಥರ್ಮೋಸ್ಟಾಟ್ ತೆಗದ್ ಒಗೀರಿ, ನಮ್ಮ ಬಿಸಲಿಗೆ ಅದ್ಯಾಕ್ ಬೇಕ್ರೀ?" ಅಂದರು. ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯೇರುವ ತನಕ ಅದರ ನೀರು, ತಣಿಸುವ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಪುಟ್ಟ ಕವಾಟ. ನಮ್ಮ ಕಡೆ ಅದನ್ನು ತೆಗೆಯುವ ಸಲಹೆ ಜಾಸ್ತಿ. ನನಗೆ ಒಪ್ಪಿಗೆಯಾಗಲಿಲ್ಲ.

ಮುಳ್ಳು ಏರಿದ್ದು ಎಲ್ಲಿ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತದೆ. ಓಡುವಾಗ ಎದುರು ಗಾಳಿ ರೇಡಿಯೇಟರ್ ತಣಿಸುತ್ತದೆ. ನಿಂತಾಗ ಫ್ಯಾನೇ ಗತಿ. ಹಾಗಾಗಿ ನಿಂತಾಗ ಮಾತ್ರ ಬಿಸಿಯಾದರೆ ಮೊದಲು ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟು ಹಾಯಿಸುವ ಸ್ವಿಚ್), ಫ್ಯಾನ್ ಮೋಟಾರ್ ನೋಡಬೇಕು. ಹೈವೇಯಲ್ಲೂ ಬಿಸಿಯಾದರೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಕಡಿಮೆಯಾಗಿರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು, ಪಂಪ್ ಸೋತಿರಬಹುದು. ನಮ್ಮದರಲ್ಲಿ ಸುಟ್ಟಿದ್ದು ಫ್ಯಾನಿನ ರಿಲೇ.

ಆದರೂ ಥರ್ಮೋಸ್ಟಾಟ್ ಬಿಚ್ಚಿಸಿ ಮನೆಗೆ ತಂದೆ. ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿ ನೀರು ಕಾಯಲು ಇಟ್ಟು, ಅದನ್ನು ದಾರ ಕಟ್ಟಿ ಇಳಿಬಿಟ್ಟೆ. ಮೈಮೇಲೆ 82 ಅಂತ ಕೊರೆದಿತ್ತು. ನೀರು 82 ಡಿಗ್ರಿ ದಾಟುತ್ತಿದ್ದಂತೆ ಸ್ಪ್ರಿಂಗ್ ಮೆಲ್ಲಗೆ ಒತ್ತಿಕೊಂಡು, ಹಿತ್ತಾಳೆ ಬಿಲ್ಲೆ ಕೂದಲೆಳೆಯಷ್ಟು ಸರಿಯಿತು. ಆಮೇಲೆ ಪೂರ್ತಿ ತೆರೆಯಿತು. ಒಳಗಿರುವುದು ಬರೀ ಮೇಣ! ಕರಗಿ ಹಿಗ್ಗಿದಾಗ ಕಡ್ಡಿಯನ್ನು ತಳ್ಳುತ್ತದೆ, ಅಷ್ಟೇ. ಕರೆಂಟು ಬೇಡ, ಚಿಪ್ ಬೇಡ.

ಅದನ್ನು ತೆಗೆದರೆ ಎಂಜಿನ್ ಬೇಗ ಬಿಸಿಯೇರದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಆಗ ಬಿಸಿ ಇನ್ನೂ ಏರುತ್ತದೆ!

ನೀರಿನ ಮಾತು ಬೇರೆಯೇ. ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂರುತ್ತದಲ್ವಾ? ಅದೇ ಪೊರೆ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕೂತು, ಶಾಖ ಹೊರಹೋಗದಂತೆ ತಡೆಯುತ್ತದೆ. ಸುಮ್ನೆ ನಲ್ಲಿಗೆ ಪೈಪ್ ಹಚ್ಚಿ ತುಂಬಿಸಬೇಡಿ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿ. ರೆಡಿ ಮಿಕ್ಸ್ ಆದರೆ ನೀರೇ ಬೇಡ.

ರೇಡಿಯೇಟರ್ ಮುಚ್ಚಳದ ವಿಷಯದಲ್ಲಿ ಮಾತ್ರ ಅವಸರ ಬೇಡ. ಪ್ರೆಷರ್ ಕುಕ್ಕರಿನ ಹಾಗೆ ಒಳಗೆ ಒತ್ತಡ ಇರುತ್ತದೆ. ಹುಬ್ಬಳ್ಳಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಒಳಗೆ 100 ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಅದರಲ್ಲೊಂದಿಷ್ಟು ಉಗಿಯಾಗಿ, ಕುದಿನೀರಿನ ಜೊತೆ ಮುಖಕ್ಕೇ ಚಿಮ್ಮುತ್ತದೆ. ಎಂಜಿನ್ ಆಫ್ ಮಾಡಿ, ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಿ, ಒತ್ತಿದರೆ ಮೆತ್ತಗಾಗುವ ತನಕ ಕಾಯಿರಿ. ಆಮೇಲೆ ದಪ್ಪ ಬಟ್ಟೆ ಇಟ್ಟು ನಿಧಾನಕ್ಕೆ ತಿರುಗಿಸಿ.