ಹಜ್ ಕೆಮ್ಮು: ಯಾತ್ರಿಕರ ಉಸಿರಾಟದ ಸೋಂಕುಗಳನ್ನು ಓದುವುದು ಹೇಗೆ

ವೈದ್ಯಕೀಯ ವಿದ್ಯಾರ್ಥಿಗಳೇ, ಈ ಪಾಠ ಶುರುವಾದ ತಕ್ಷಣ ವೈರಸ್‌ಗಳ ಹೆಸರು ಉರು ಹೊಡೆಯಬೇಡಿ. ಮೊದಲು ಜಾಗ ನೋಡಿ. ಮೆಕ್ಕಾದ ಹಜ್ ಯಾತ್ರೆಗೆ ಸಾಮಾನ್ಯ ವರ್ಷಗಳಲ್ಲಿ ಸುಮಾರು 20 ಲಕ್ಷ ಜನ ಸೇರುತ್ತಾರೆ. ಮುಖ್ಯ ವಿಧಿಗಳೆಲ್ಲ ಐದಾರು ದಿನಗಳಲ್ಲೇ ಮುಗಿಯಬೇಕು. ಒಂದೇ ದಿನ ಎಲ್ಲರೂ ಮೆಕ್ಕಾ ಹತ್ತಿರದ ಅರಫಾತ್ ಬಯಲಿನಲ್ಲಿರಬೇಕು. ಆ ರಾತ್ರಿ ಅಲ್ಲೇ ಹತ್ತಿರದ ಮುಜ್ದಲಿಫಾದ ಬಯಲು, ಉಳಿದ ರಾತ್ರಿಗಳು ಮಿನಾ ಅನ್ನುವ ಕಡೆಯ ಡೇರೆಗಳು. ಡೇರೆಯೊಳಗೆ ಹಾಸಿಗೆಗೆ ಹಾಸಿಗೆ ತಾಗಿಕೊಂಡಿರುತ್ತದೆ. ಹೊರಗೆ ಬಿಸಿಲು ಅಂತ ಏಸಿ ಹಾಕಿ ಮುಚ್ಚಿರುತ್ತಾರೆ. ಒಬ್ಬರು ಕೆಮ್ಮಿದರೆ ಆ ಗಾಳಿ ಪಕ್ಕದವರ ಪಾಲಿಗೂ ಬಂತು. ಇದರ ಮೇಲೆ ನಿದ್ದೆ ಕಡಿಮೆ, ನಡಿಗೆ ಜಾಸ್ತಿ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಬರುವವರಲ್ಲಿ ವಯಸ್ಸಾದವರೂ ಬಹಳ. ಅವರಲ್ಲಿ ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ಕಡಿಮೆಯೇನಿಲ್ಲ.

ಹೀಗಾಗಿ ಕೆಮ್ಮು ಬರುವುದು ವಿಶೇಷವೇ ಅಲ್ಲ. 'ಹಜ್ ಕೆಮ್ಮು' ಅನ್ನುವ ಹೆಸರೇ ಬಿದ್ದಿದೆ. ಎಷ್ಟೋ ಅಧ್ಯಯನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಯಾತ್ರಿಕರಿಗೆ ಕೆಮ್ಮು, ಗಂಟಲು ನೋವು, ನೆಗಡಿಯಲ್ಲಿ ಒಂದಾದರೂ ಕಾಣಿಸಿಕೊಂಡಿದೆ. ಮೂಗು ಗಂಟಲಿನ ಸ್ವಾಬ್ ತೆಗೆದು ನೋಡಿದರೆ ಹೆಚ್ಚಾಗಿ ಸಿಗುವುದು ನೆಗಡಿ ತರುವ ರೈನೋವೈರಸ್. ಇನ್‌ಫ್ಲುಯೆಂಜಾ (ಫ್ಲೂ) ಮತ್ತು ಮಾಮೂಲಿ ನೆಗಡಿ ತರುವ ಕೊರೊನಾವೈರಸ್‌ಗಳೂ ಸಿಗುತ್ತವೆ. ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕು ತರಬಲ್ಲ ನ್ಯುಮೋಕಾಕಸ್ ಬ್ಯಾಕ್ಟೀರಿಯಾವನ್ನು ಮೂಗು ಗಂಟಲಲ್ಲಿ ಹೊತ್ತು ತಿರುಗುವವರ ಸಂಖ್ಯೆ ಯಾತ್ರೆಯ ನಂತರ ಏರುತ್ತದೆ.

ನನ್ನ ಪ್ರಕಾರ ಈ ಪಾಠದ ತಿರುಳು ಇಲ್ಲಿದೆ. ಎಲ್ಲರಿಗೂ ಕೆಮ್ಮು ಇರುವ ಕಡೆ, ನ್ಯುಮೋನಿಯಾ ಆದವರು ಕಣ್ಣಿಗೆ ಬೀಳುವುದಿಲ್ಲ. 'ಎಲ್ಲರಿಗೂ ಬಂದಿದೆ, ಹೋಗತ್ತೆ ಬಿಡಿ' ಅನ್ನುವ ಮಾತು ಎಪ್ಪತ್ತು ವರ್ಷದ ಅಜ್ಜನ ವಿಷಯದಲ್ಲಿ ಅಪಾಯ. ಹಜ್ ಸಮಯದಲ್ಲಿ ಆಸ್ಪತ್ರೆ ಸೇರುವುದಕ್ಕೆ ನ್ಯುಮೋನಿಯಾ ಒಂದು ದೊಡ್ಡ ಕಾರಣ. ಕೂತಲ್ಲೇ ಉಸಿರು ಕಟ್ಟುವುದು, ಎದೆ ಚುಚ್ಚುವುದು, ಇಳಿದ ಜ್ವರ ಮತ್ತೆ ಏರುವುದು, ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಗೊಂದಲ: ನ್ಯುಮೋನಿಯಾದ ಈ ಸೂಚನೆಗಳನ್ನು ನೆನಪಿಡಿ, ಪರೀಕ್ಷೆಗಿಂತ ವಾರ್ಡಿನಲ್ಲಿ ಹೆಚ್ಚು ಬೇಕಾಗುತ್ತದೆ. ಇನ್ನೊಂದು ಕಡೆ, ಸುಮ್ನೆ ನೆಗಡಿಗೂ ಆಂಟಿಬಯಾಟಿಕ್ ನುಂಗುವವರು ಬೇಕಾದಷ್ಟಿದ್ದಾರೆ. ವೈರಸ್‌ಗೆ ಅದು ತಾಗುವುದಿಲ್ಲ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಬೆಳೆಯುತ್ತದೆ.

ಈಗ ಮೆನಿಂಜೋಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಕಾಯಿಲೆ ಮಿದುಳಿನ ಪೊರೆಯದು, ಆದರೆ ಹರಡುವುದು ಗಂಟಲಿನಿಂದ. ಅದಕ್ಕೇ ಈ ಪಾಠದಲ್ಲಿ ಬರುತ್ತದೆ. ಇದರಲ್ಲಿ ಹಲವು ಗುಂಪುಗಳಿವೆ; 1987ರ ಹಜ್‌ನಲ್ಲಿ ಎ ಗುಂಪಿನ ದೊಡ್ಡ ಹರಡುವಿಕೆ ಆಯಿತು. ಸೌದಿ ಸರ್ಕಾರ ಲಸಿಕೆ ಕಡ್ಡಾಯ ಮಾಡಿತು. 2000 ಮತ್ತು 2001ರಲ್ಲಿ ಮತ್ತೆ ಬಂತು, ಈ ಸಲ ಡಬ್ಲ್ಯು-135 ಗುಂಪು (ಈಗ ಬರೀ ಡಬ್ಲ್ಯು ಅನ್ನುತ್ತಾರೆ). ಆಗ ಬಳಕೆಯಲ್ಲಿದ್ದ ಲಸಿಕೆ ಹೆಚ್ಚಾಗಿ ಎ ಮತ್ತು ಸಿ ಗುಂಪಿನದು, ಹೊಸದನ್ನು ಅದು ತಡೆಯಲಿಲ್ಲ. ಗಮನಿಸಬೇಕಾದ್ದು ಏನೆಂದರೆ, ಯುರೋಪಿನಲ್ಲಿ ಹಜ್‌ಗೆ ಹೋಗದೇ ಇದ್ದ ಮನೆಯವರಿಗೂ ಕಾಯಿಲೆ ಬಂತು. ಹೋಗಿಬಂದವರು ಆರೋಗ್ಯವಾಗಿದ್ದುಕೊಂಡೇ ಗಂಟಲಲ್ಲಿ ಅದನ್ನು ತಂದಿದ್ದರು. ಆಮೇಲೆ ಎ, ಸಿ, ವೈ, ಡಬ್ಲ್ಯು ನಾಲ್ಕೂ ಇರುವ ಲಸಿಕೆ ಕಡ್ಡಾಯವಾಯಿತು. ತಲುಪುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿರಬೇಕು.

ಮೆರ್ಸ್ (ಉಸಿರಾಟಕ್ಕೆ ತೊಂದರೆ ಕೊಡುವ ಒಂದು ಕೊರೊನಾವೈರಸ್ ಕಾಯಿಲೆ) ಬಗ್ಗೆ ಪ್ರಶ್ನೆ ಬಂದರೆ ಸಮತೂಕದಿಂದ ಬರೆಯಿರಿ. 2012ರಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ ವೈರಸ್ ಇದರದ್ದು. ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. ವರದಿಯಾದ ರೋಗಿಗಳಲ್ಲಿ ಮೂವರಲ್ಲಿ ಒಬ್ಬರಷ್ಟು ಸಾಯುತ್ತಾರೆ. ಆದರೂ 2013ರ ಹಜ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಯಾತ್ರಿಕರನ್ನು ಪರೀಕ್ಷಿಸಿದಾಗ ಒಬ್ಬರಲ್ಲೂ ಸಿಗಲಿಲ್ಲ. ಅದು ಜೋರಾಗಿ ಹರಡಿದ್ದು ಆಸ್ಪತ್ರೆಗಳಲ್ಲಿ. 2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮಧ್ಯಪ್ರಾಚ್ಯದಿಂದ ಮರಳಿದ ಒಬ್ಬರಿಂದ ಶುರುವಾಗಿ 186 ಪ್ರಕರಣಗಳಾದವು. ಆ ವ್ಯಕ್ತಿ ಯಾತ್ರಿಕನಲ್ಲ, ಕೆಲಸದ ಮೇಲೆ ಹೋಗಿದ್ದವರು.

ಮಾಸ್ಕ್ ವಿಷಯದಲ್ಲಿ ಎಡವುವವರು ಬಹಳ. 2013ರಿಂದ 2015ರವರೆಗೆ ಮೂರು ಹಜ್‌ಗಳಲ್ಲಿ ಡೇರೆ ಡೇರೆಯಾಗಿ ಗುಂಪು ಮಾಡಿ, ಏಳು ಸಾವಿರಕ್ಕೂ ಹೆಚ್ಚು ಯಾತ್ರಿಕರ ಮೇಲೆ ಪ್ರಯೋಗ ನಡೆಯಿತು. ಮಾಸ್ಕ್ ಕೊಟ್ಟ ಡೇರೆಗಳಲ್ಲಿ ಸೋಂಕು ಕಡಿಮೆಯಾದದ್ದು ಕಾಣಲಿಲ್ಲ. ಆದರೆ ಕೊಟ್ಟವರಲ್ಲಿ ದಿನವೂ ಹಾಕಿಕೊಂಡವರು ಕಾಲು ಭಾಗದಷ್ಟೇ! ಊಟಕ್ಕೆ ತೆಗೆಯಬೇಕು, ವುಜೂಗೆ (ನಮಾಜಿಗೆ ಮೊದಲು ಮುಖ, ಕೈಕಾಲು ತೊಳೆಯುವುದಕ್ಕೆ) ತೆಗೆಯಬೇಕು, ಆ ಸೆಕೆಯಲ್ಲಿ ಮಲಗುವಾಗ ಯಾರು ಹಾಕಿಕೊಳ್ಳುತ್ತಾರೆ? ಈ ಪ್ರಯೋಗ ಹೇಳುವುದು 'ಮಾಸ್ಕ್ ಹಂಚಿದರೆ ಸಾಲದು' ಅಂತ. 'ಮಾಸ್ಕ್ ಕೆಲಸ ಮಾಡುವುದಿಲ್ಲ' ಅಂತ ಬರೆದರೆ ತಪ್ಪಾಗುತ್ತದೆ.

ಫ್ಲೂ ಲಸಿಕೆಗೆ ಒಂದು ತೊಡಕಿದೆ. ಚಂದ್ರಮಾನ ಲೆಕ್ಕದಿಂದಾಗಿ ಹಜ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಒಂದು ಕಾಲಕ್ಕೆ ಚಳಿಗಾಲ, ಇನ್ನೊಂದು ಕಾಲಕ್ಕೆ ಬೇಸಿಗೆ. ಉತ್ತರ ಗೋಳದವರೂ ದಕ್ಷಿಣ ಗೋಳದವರೂ ತಮ್ಮ ತಮ್ಮ ಫ್ಲೂ ತಂದು ಒಂದೇ ಡೇರೆಯಲ್ಲಿ ಕೂರುತ್ತಾರೆ. ಊರಿನಲ್ಲಿ ಫ್ಲೂ ಕಾಲ ಮುಗಿದಿದೆ ಅಂತ ಲಸಿಕೆ ಬಿಡುವಂತಿಲ್ಲ. ರಕ್ಷಣೆ ಕೂಡಿಬರಲು ಎರಡು ವಾರ ಬೇಕು. 65 ದಾಟಿದವರಿಗೆ, ಶ್ವಾಸಕೋಶದ ಕಾಯಿಲೆ ಇರುವವರಿಗೆ ನ್ಯುಮೋಕಾಕಸ್ ಲಸಿಕೆಯೂ ಬೇಕು.

ಮರಳಿ ಬಂದ ರೋಗಿಯಲ್ಲಿ ದಿನಗಳ ಲೆಕ್ಕವೇ ನಿಮ್ಮ ಮುಖ್ಯ ಸುಳಿವು. ಇನ್‌ಫ್ಲುಯೆಂಜಾಕ್ಕೆ ಸೋಂಕು ತಗುಲಿ 1ರಿಂದ 4 ದಿನ, ಮೆರ್ಸ್‌ಗೆ 2ರಿಂದ 14 ದಿನ. ಬಂದು ಮೂರು ವಾರ ಕಳೆದ ಮೇಲೆ ಹೊಸದಾಗಿ ಜ್ವರ ಬಂದರೆ ಇವೆರಡೂ ಹೊಂದುವುದಿಲ್ಲ. ಕೆಮ್ಮು ತಿಂಗಳುಗಟ್ಟಲೆ ಎಳೆದು, ತೂಕವೂ ಇಳಿಯುತ್ತಿದ್ದರೆ ಕ್ಷಯಕ್ಕೆ ಕಫ ಪರೀಕ್ಷೆ ಬರೆಯಿರಿ.