ಸಖೀರ್: ಮರಳುಗಾಡಿನಲ್ಲಿ ಇಂಗ್ಲೆಂಡಿನ ಜಲ್ಲಿ

ಬಹರೇನ್ ರಾಜಧಾನಿ ಮನಾಮಾದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ ಸಖೀರ್ ಮರುಭೂಮಿ. ಹಿಂದೆ ಒಂಟೆ ಸಾಕುತ್ತಿದ್ದ ಆ ಜಾಗದಲ್ಲಿ 2004ರ ಏಪ್ರಿಲ್ 4ರಂದು ಮಧ್ಯಪ್ರಾಚ್ಯದ ಮೊದಲ ಫಾರ್ಮುಲಾ ಒನ್ ಕಾರ್ ರೇಸ್ ನಡೆಯಿತು. ಗೆದ್ದವರು ಫೆರಾರಿಯ ಮೈಕೆಲ್ ಶುಮಾಕರ್. ಬಹರೇನ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂಬ ಇಲ್ಲಿನ ರೇಸ್ ಟ್ರ್ಯಾಕ್ ಎಂದರೆ ಮೊದಲು ಬರುವುದು ದುಡ್ಡಿನ ಮಾತು. ಸುಮಾರು 15 ಕೋಟಿ ಡಾಲರ್ ಖರ್ಚಾದದ್ದು ನಿಜ. ಆದರೆ ಅಲ್ಲಿನ ಸೋಲು ಗೆಲುವುಗಳಲ್ಲಿ ದೊಡ್ಡ ಪಾಲು ರಸ್ತೆಗೆ ಹಾಕಿದ ಜಲ್ಲಿಯದು.

ಬಹರೇನ್ ಬಹುಪಾಲು ಸುಣ್ಣಕಲ್ಲಿನ ದ್ವೀಪ. ಸುಣ್ಣಕಲ್ಲಿನ ಜಲ್ಲಿ ಚಕ್ರದ ಉಜ್ಜಾಟಕ್ಕೆ ಬೇಗ ನುಣುಪಾಗುತ್ತದೆ, ಟೈರಿಗೆ ಹಿಡಿತ ಸಿಗುವುದಿಲ್ಲ. ಹಾಗಾಗಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಬೇಸ್ಟನ್ ಹಿಲ್ ಕ್ವಾರಿಯಿಂದ ಗ್ರೇವ್ಯಾಕ್ ಎಂಬ ಗಡಸು ಮರಳುಗಲ್ಲಿನ ಜಲ್ಲಿಯನ್ನು ಹಡಗಿನಲ್ಲಿ ತರಿಸಿದರು. ಈ ಕಲ್ಲಿನಲ್ಲಿ ಗಟ್ಟಿ ಕಣ, ಮೆತ್ತನೆಯ ಕಣ ಎರಡೂ ಬೆರೆತಿರುತ್ತವೆ. ಮೆತ್ತನೆಯದು ಮೊದಲು ಸವೆದು ಗಟ್ಟಿಯದು ಎದ್ದು ನಿಲ್ಲುವುದರಿಂದ ಎಷ್ಟು ಉಜ್ಜಿದರೂ ಮೇಲ್ಮೈ ತರಿತರಿಯಾಗಿಯೇ ಉಳಿಯುತ್ತದೆ. ವರ್ಷ ಕಳೆದಂತೆ ಮೇಲಿನ ಡಾಂಬರಿನ ಪದರ ಸವೆದು ಕಲ್ಲಿನ ಮೊನೆಗಳು ಇನ್ನಷ್ಟು ಹೊರಬಂದಿವೆ. ಟೈರ್ ಪೂರೈಸುವ ಪಿರೆಲ್ಲಿ ಕಂಪನಿ ತನ್ನ ಅತಿ ಗಡಸು ಟೈರುಗಳಾದ ಸಿ1, ಸಿ2, ಸಿ3ಗಳನ್ನು ಇಲ್ಲಿಗೆ ತರುವುದು ಈ ಕಾರಣಕ್ಕೇ. 1, 4, 8, 10ನೇ ತಿರುವುಗಳಲ್ಲಿ ವೇಗ ತಗ್ಗಿಸಿ ಮತ್ತೆ ಪೂರ್ತಿ ಆಕ್ಸಿಲರೇಟರ್ ಒತ್ತಬೇಕು. ಆಗೆಲ್ಲ ಹಿಂದಿನ ಎರಡು ಟೈರು ಕಾದು ಹಿಡಿತ ಬಿಡುತ್ತವೆ. 10ನೇ ತಿರುವಿನದು ಬೇರೆಯೇ ತೊಂದರೆ. ಎಡಕ್ಕೆ ಹೊರಳುತ್ತಲೇ ಬ್ರೇಕ್ ಹಿಡಿಯಬೇಕಾದ್ದರಿಂದ ಭಾರ ಬಲಕ್ಕೆ ವಾಲಿ, ಹಗುರಾದ ಎಡ ಮುಂಚಕ್ರ ಲಾಕ್ ಆಗುತ್ತದೆ.

ಇನ್ನು ಮರಳು. ವಿನ್ಯಾಸಕಾರ ಹರ್ಮನ್ ಟಿಲ್ಕ ಪಿಟ್ (ಕಾರುಗಳ ಟೈರು ಬದಲಿಸುವ, ದುರಸ್ತಿ ಮಾಡುವ ಜಾಗ) ಮತ್ತು ಪ್ರೇಕ್ಷಕರ ಗ್ಯಾಲರಿಯ ಸುತ್ತ ಹಸಿರು ಬೆಳೆಸಿ, ಆಚೆಯ ಭಾಗವನ್ನು ಮರುಭೂಮಿಯಾಗಿಯೇ ಬಿಟ್ಟರು. ಅಲ್ಲಿಂದ ಮರಳು ಹಾರದಂತೆ ಟ್ರ್ಯಾಕ್ ಪಕ್ಕದ ನೆಲಕ್ಕೆ ಅಂಟು ದ್ರಾವಣ ಸಿಂಪಡಿಸಿದರು. ಆದರೂ ದೂರದಿಂದ ಗಾಳಿ ಹೊತ್ತು ತರುವ ನುಣುಪು ಧೂಳನ್ನು ಯಾವ ಅಂಟೂ ತಡೆಯದು. 2009ರ ಫೆಬ್ರುವರಿಯಲ್ಲಿ ಪರೀಕ್ಷಾರ್ಥ ಓಟಕ್ಕೆ ಬಂದಿದ್ದ ತಂಡಗಳು ಬಿರುಗಾಳಿಗೆ ಸಿಕ್ಕಿ ಗ್ಯಾರೇಜಿನಲ್ಲೇ ಕೂರಬೇಕಾಯಿತು. ಅಭ್ಯಾಸ ಶುರುವಾಗುವ ಶುಕ್ರವಾರದ ಮೊದಲ ಲ್ಯಾಪ್‌ಗಳಲ್ಲಿ ಟ್ರ್ಯಾಕ್ ಜಾರುವುದೂ ಈ ಧೂಳಿನಿಂದಲೇ. ಕಾರುಗಳು ಓಡಿ ಓಡಿ ಒಂದು ಗೆರೆ ಸ್ವಚ್ಛವಾದ ಮೇಲೂ ಆ ಗೆರೆ ಬಿಟ್ಟು ಚಕ್ರ ಇಟ್ಟವರಿಗೆ ಹಿಡಿತವಿಲ್ಲ.

ಮೂಲ ವಿನ್ಯಾಸ ಚೆನ್ನಾಗಿಯೇ ಇತ್ತು. 5.412 ಕಿ.ಮೀ., 15 ತಿರುವು, 57 ಲ್ಯಾಪ್. 2010ರಲ್ಲಿ ನಿಧಾನಗತಿಯ ಅಂಕುಡೊಂಕುಗಳನ್ನು ಸೇರಿಸಿ ಅದನ್ನು 6.299 ಕಿ.ಮೀ.ಗೆ ಹಿಗ್ಗಿಸಿದರು. ಕಾರುಗಳು ಸಾಲಾಗಿ ಹಿಂದೆ ಹಿಂದೆ ಹೋದವೇ ಹೊರತು ಓವರ್‌ಟೇಕ್ ಹೆಚ್ಚಲಿಲ್ಲ. ಆ ಉದ್ದದ ಹಾದಿಯಲ್ಲಿ ಫಾರ್ಮುಲಾ ಒನ್ ಓಡಿದ್ದು ಅದೊಂದೇ ಸಲ.

2011ರಲ್ಲಿ ರೇಸೇ ನಡೆಯಲಿಲ್ಲ. ಫೆಬ್ರುವರಿಯಲ್ಲಿ ಮನಾಮಾದ ಪರ್ಲ್ ವೃತ್ತದಲ್ಲಿ ಜನ ಪ್ರತಿಭಟನೆಗೆ ಇಳಿದರು, ಸರ್ಕಾರ ಬಲಪ್ರಯೋಗ ಮಾಡಿತು. ಸರ್ಕ್ಯೂಟ್‌ನ ವೈದ್ಯಕೀಯ ಸಿಬ್ಬಂದಿ ನಗರದ ಆಸ್ಪತ್ರೆಗಳಿಗೆ ಬೇಕಾದ್ದರಿಂದ ಮೊದಲು ಕೆಳಗಿನ ದರ್ಜೆಯ ಜಿಪಿ2 ಏಷ್ಯಾ ಸರಣಿಯ ರೇಸ್ ರದ್ದಾಯಿತು. ಫೆಬ್ರುವರಿ 21ರಂದು ಯುವರಾಜ ಸಲ್ಮಾನ್ ಬಿನ್ ಹಮದ್ ಫಾರ್ಮುಲಾ ಒನ್ ರೇಸನ್ನೂ ಕೈಬಿಟ್ಟರು. ಅಕ್ಟೋಬರಿನಲ್ಲಿ ನಡೆಸಲು ಜೂನ್‌ನಲ್ಲಿ ಕಾರ್ ರೇಸಿಂಗಿನ ಜಾಗತಿಕ ಆಡಳಿತ ಸಂಸ್ಥೆ ಎಫ್‌ಐಎ ಒಪ್ಪಿದರೂ ತಂಡಗಳು ವಿರೋಧಿಸಿದ್ದರಿಂದ ಅದೂ ನಿಂತಿತು. 2012ರಲ್ಲಿ ಗಲಭೆಯ ನಡುವೆಯೇ ರೇಸ್ ನಡೆಸಿದರು. ವಿಜಯ್ ಮಲ್ಯ ಸಹ-ಒಡೆತನದ ಫೋರ್ಸ್ ಇಂಡಿಯಾ ತಂಡದ ಸಿಬ್ಬಂದಿ ಹೋಗುತ್ತಿದ್ದ ವಾಹನದ ಹತ್ತಿರವೇ ಪೆಟ್ರೋಲ್ ಬಾಂಬ್ ಬಿತ್ತು. ಕತ್ತಲಾಗುವ ಮುನ್ನ ಹೋಟೆಲ್ ಸೇರಬೇಕೆಂದು ತಂಡ ಶುಕ್ರವಾರದ ಎರಡನೇ ಅಭ್ಯಾಸಕ್ಕೆ ಇಳಿಯಲಿಲ್ಲ. ರೇಸಿನ ಹಿಂದಿನ ದಿನ ಪ್ರತಿಭಟನಾಕಾರರೊಬ್ಬರ ಶವ ಸಿಕ್ಕಿತ್ತು. ಆ ವರ್ಷ ರೇಸ್ ನಡೆಸಬಾರದಿತ್ತು.

2014ರಲ್ಲಿ ಟ್ರ್ಯಾಕಿಗೆ ದೀಪ ಬಂತು, ರೇಸ್ ಸಂಜೆ 6ಕ್ಕೆ ಹೋಯಿತು. ಇದರಿಂದ ತಂಡಗಳ ಲೆಕ್ಕಾಚಾರವೇ ಬದಲಾಯಿತು. ಮೊದಲ ಮತ್ತು ಮೂರನೇ ಅಭ್ಯಾಸ ಬಿಸಿಲಿನಲ್ಲಿ, ಕ್ವಾಲಿಫೈಯಿಂಗ್ (ರೇಸಿನಲ್ಲಿ ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಓಟ) ಮತ್ತು ರೇಸ್ ರಾತ್ರಿಯ ತಂಪಿನಲ್ಲಿ. ಬಿಸಿಲಲ್ಲಿ ಹೊಂದಿಸಿದ ಕಾರು ರಾತ್ರಿ ಬೇರೆಯಾಗಿ ವರ್ತಿಸುತ್ತದೆ. ಆದ್ದರಿಂದ ಶುಕ್ರವಾರ ಸಂಜೆಯ ಎರಡನೇ ಅಭ್ಯಾಸದ ಅಂಕಿಗಳನ್ನೇ ನಂಬಬೇಕು.

2020ರ ನವೆಂಬರ್ 29ರಂದು, ಮೊದಲ ಲ್ಯಾಪ್‌ನಲ್ಲೇ, 3ನೇ ತಿರುವು ದಾಟಿದ ರೊಮೇನ್ ಗ್ರೋಜಾನ್ ಅವರ ಕಾರು ಗಂಟೆಗೆ 192 ಕಿ.ಮೀ. ವೇಗದಲ್ಲಿ ಉಕ್ಕಿನ ತಡೆಬೇಲಿಗೆ ಗುದ್ದಿತು. ಮೂರು ಪಟ್ಟಿಗಳಲ್ಲಿ ನಡುವಿನದು ತುಂಡಾಗಿ ಕಾರಿನ ಮುಂಭಾಗ ಒಳಗೆ ನುಗ್ಗಿತು, ಹಿಂಭಾಗ ಕಳಚಿ ಬಿತ್ತು, ಬೆಂಕಿ ಹೊತ್ತಿಕೊಂಡಿತು. 27 ಸೆಕೆಂಡುಗಳಲ್ಲಿ ಅವರು ತಾವೇ ಹೊರಬಂದರು. ತಲೆ ಉಳಿಸಿದ್ದು ಚಾಲಕನ ತಲೆಯ ಸುತ್ತ ಇರುವ ಲೋಹದ ರಕ್ಷಾಕಮಾನು, ಹೇಲೋ. ಮುಂದಿನ ವಾರದ ಹೊತ್ತಿಗೆ ಬೇಲಿ ಸರಿಪಡಿಸಿ, ಅದರ ಮುಂದೆ ಎರಡು ಸಾಲು ಟೈರ್ ಜೋಡಿಸಿ ಕನ್ವೇಯರ್ ಬೆಲ್ಟ್ ಹೊದಿಸಿದ್ದರು. ಡಿಸೆಂಬರ್ 6ರ ರೇಸ್ ಅದೇ ಸರ್ಕ್ಯೂಟಿನ 3.543 ಕಿ.ಮೀ.ಯ ಹೊರ ಹಾದಿಯಲ್ಲಿ 87 ಲ್ಯಾಪ್ ನಡೆಯಿತು. ಮೊದಲ ಲ್ಯಾಪ್‌ನಲ್ಲಿ ಡಿಕ್ಕಿಗೆ ಸಿಕ್ಕಿ ಕೊನೆಗೆ ಬಿದ್ದಿದ್ದ ಸರ್ಜಿಯೋ ಪೆರೆಜ್, ಫೋರ್ಸ್ ಇಂಡಿಯಾದ ಉತ್ತರಾಧಿಕಾರಿ ರೇಸಿಂಗ್ ಪಾಯಿಂಟ್ ಕಾರಿನಲ್ಲಿ ಗೆದ್ದರು. ಅದೇ ದಿನ ಅದೇ ಹಾದಿಯಲ್ಲಿ ಮುಂಬೈನ ಜೆಹಾನ್ ದಾರೂವಾಲಾ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2 ರೇಸ್ ಗೆದ್ದ ಮೊದಲ ಭಾರತೀಯರಾದರು.