ಶೇಕಡಾ 27 ಎಂದರೆ ಮೂರನೇ ತರಗತಿ ಫೇಲಾಯಿತೇ?

ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ, ಸೋಮವಾರದ ಸಂತೆಯಲ್ಲಿ, ಒಮ್ಮೆ ಜಮಖಂಡಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದಾಗಲೂ ಶಿಕ್ಷಕನಾದ ನನಗೆ, ಅಸರ್ ಎಂಬ ಸಮೀಕ್ಷೆಯ ಅಂಕಿ ಕೇಳಿದ ಪಾಲಕರಿಂದ ಎದುರಾದ ಪ್ರಶ್ನೆ ಇದೇ: ‘ಸರ, ಮೂರನೇತ್ತಾ ಹುಡುಗರದು ಓದಿನ್ಯಾಗ ಬರೇ ಇಪ್ಪತ್ತೇಳು ಪರ್ಸೆಂಟ್ ಅಂತ. ಮೂವತ್ತೈದೂ ಮುಟ್ಟಿಲ್ಲ ಅಂದಮ್ಯಾಲ ಎಲ್ಲಾ ಫೇಲೇನ್ರಿ? ಮತ್ತ ನನ್ನ ಮಗನ ಕಾರ್ಡಿನ್ಯಾಗ ಎ ಹೆಂಗ ಬಂತು?’

ಯಾರೂ ಫೇಲಾಗಿಲ್ಲ, ಮಗನ ಎ ಶ್ರೇಣಿಯೂ ಸುಳ್ಳಲ್ಲ. ಬಾಯಿಮಾತಿನಲ್ಲಿ ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ ಎಂಬುದು ಹಲವು ವರ್ಷಗಳ ಅನುಭವದಿಂದ ಗೊತ್ತಾಗಿರುವುದರಿಂದ, ಈ ಸಲ ಬರೆದೇ ತಿಳಿಸುತ್ತಿದ್ದೇನೆ.

ಮೊದಲು ಆ ಮೂವತ್ತೈದನ್ನು ತಲೆಯಿಂದ ಇಳಿಸಬೇಕು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಆ ಹಳೆಯ ಪಾಸಿನ ಗೆರೆ ನಮ್ಮ ತಲೆಮಾರಿನ ಮನಸ್ಸಿನಲ್ಲಿ ಎಷ್ಟು ಆಳವಾಗಿ ಕೂತಿದೆಯೆಂದರೆ, ಶೇಕಡಾ ಚಿಹ್ನೆ ಕಂಡಲ್ಲೆಲ್ಲ ನಾವು ಪಾಸು-ಫೇಲು ಹುಡುಕುತ್ತೇವೆ. ನೀವು ಕೇಳುವ ಇಪ್ಪತ್ತೇಳು ಅಂಕವೇ ಅಲ್ಲ, ಅದು ತಲೆ ಎಣಿಕೆ. ಶಿಕ್ಷಣ ಕ್ಷೇತ್ರದಲ್ಲಿ ಕೆಲಸ ಮಾಡುವ ಪ್ರಥಮ್ ಎಂಬ ಸರ್ಕಾರೇತರ ಸಂಸ್ಥೆಯು 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯಲ್ಲಿ ಸ್ವಯಂಸೇವಕರು ಹಳ್ಳಿಯ ಮನೆಗಳಿಗೇ ಹೋಗಿ, ಒಂದೊಂದು ಮಗುವನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು ಓದಿಸುತ್ತಾರೆ. ಅಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಚಿಕ್ಕ ಪರಿಚ್ಛೇದ, ಎರಡನೇ ತರಗತಿ ಮಟ್ಟದ ಕಥೆ. 2024ರಲ್ಲಿ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಕೊನೆಯ ಮೆಟ್ಟಿಲನ್ನು ಹತ್ತಿದವರು ನೂರಕ್ಕೆ 27.1 ಮಂದಿ. ಉಳಿದ ಎಪ್ಪತ್ತಮೂರು ಮಕ್ಕಳಿಗೆ ಏನೂ ಬರುವುದಿಲ್ಲ ಎಂದು ಆ ಸಂಖ್ಯೆ ಎಲ್ಲಿಯೂ ಹೇಳುವುದಿಲ್ಲ.

ಕಪ್ಪು ಹಲಗೆ ಇಲ್ಲದಿದ್ದರೂ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಮೂವತ್ತು ಮಕ್ಕಳ ಒಂದು ತರಗತಿಯಲ್ಲಿ ಎಂಟು ಮಂದಿ ಕಥೆ ಓದುತ್ತಾರೆ, ಹದಿನಾಲ್ಕು ಮಂದಿ ಪರಿಚ್ಛೇದದವರೆಗೆ ಬಂದಿದ್ದಾರೆ, ಆರು ಮಂದಿ ಪದ ಓದುತ್ತಾರೆ, ಇಬ್ಬರಿಗೆ ಅಕ್ಷರ ಮಾತ್ರ ಗೊತ್ತು ಎಂದುಕೊಳ್ಳಿ. ಪಕ್ಕದೂರಿನ ಇನ್ನೊಂದು ತರಗತಿಯಲ್ಲೂ ಕಥೆ ಓದುವವರು ಎಂಟೇ ಮಂದಿ. ಆದರೆ ಅಲ್ಲಿ ಪರಿಚ್ಛೇದ ಓದುವವರು ಇಬ್ಬರು, ಪದ ಓದುವವರು ಆರು, ಅಕ್ಷರದಲ್ಲೇ ನಿಂತವರು ಹದಿನಾಲ್ಕು ಮಂದಿ. ಎರಡೂ ತರಗತಿಗಳ ಶೇಕಡಾವಾರು ಒಂದೇ, ಸುಮಾರು ಇಪ್ಪತ್ತೇಳು. ಮೊದಲನೆಯ ತರಗತಿಗೆ ದಿನವೂ ಕಥೆಪುಸ್ತಕ ಕೊಟ್ಟರೆ ಕೆಲವೇ ತಿಂಗಳಲ್ಲಿ ಚಿತ್ರ ಬದಲಾಗುತ್ತದೆ. ಎರಡನೆಯದರಲ್ಲಿ ಕಾಗುಣಿತ, ಒತ್ತಕ್ಷರಗಳಿಂದಲೇ ಮತ್ತೆ ಆರಂಭಿಸಬೇಕು. ಕೆಲಸಕ್ಕೆ ಬೇಕಾದ ಈ ವ್ಯತ್ಯಾಸ ಉಳಿದ ಮೆಟ್ಟಿಲುಗಳ ಎಣಿಕೆಯಲ್ಲಿದೆ. ಆದರೆ ತಲೆಬರಹಕ್ಕೆ ಏರುವುದು ಕೊನೆಯ ಮೆಟ್ಟಿಲು ಮಾತ್ರ.

‘ಹಾಗಾದರೆ ಸರ್ಕಾರದ ಸಮೀಕ್ಷೆಯಲ್ಲಿ ಅದೇ ಮೂರನೇ ತರಗತಿಗೆ 64 ಹೇಗೆ ಬಂತು, ಯಾರು ಸುಳ್ಳು ಹೇಳುತ್ತಿದ್ದಾರೆ’ ಎಂದು ಕೇಳುವವರೂ ಇದ್ದಾರೆ. 2024ರ ಡಿಸೆಂಬರ್ 4ರಂದು ನಡೆದ ಪರಖ್ ರಾಷ್ಟ್ರೀಯ ಸರ್ವೇಕ್ಷಣೆಯಲ್ಲಿ ಮೂರು, ಆರು ಮತ್ತು ಒಂಬತ್ತನೇ ತರಗತಿಗಳ ಮಕ್ಕಳು ಶಾಲೆಯಲ್ಲೇ ಕುಳಿತು ಉತ್ತರಿಸಿದರು. ಮೂರನೇ ತರಗತಿಯ ರಾಷ್ಟ್ರೀಯ ಸರಾಸರಿ ಭಾಷೆಯಲ್ಲಿ 64, ಗಣಿತದಲ್ಲಿ 60. ಇದು ಮಕ್ಕಳು ಸರಿಯಾಗಿ ಬಿಡಿಸಿದ ಪ್ರಶ್ನೆಗಳ ಸರಾಸರಿ. ಎಕರೆಗೆ ಐದು ಕ್ವಿಂಟಲ್‌ಗಿಂತ ಹೆಚ್ಚು ತೊಗರಿ ಬೆಳೆದ ರೈತರು ಊರಲ್ಲಿ ಎಷ್ಟು ಮಂದಿ ಎಂಬುದಕ್ಕೂ, ಊರಿನ ಸರಾಸರಿ ಇಳುವರಿ ಎಷ್ಟು ಎಂಬುದಕ್ಕೂ ಇರುವಷ್ಟೇ ಅಂತರ ಇಲ್ಲಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಜಗಳವಾಡುವುದರಲ್ಲಿ ಅರ್ಥವಿಲ್ಲ. ಎರಡೂ ಆಯ್ದ ಕೆಲವು ಮಕ್ಕಳನ್ನಷ್ಟೇ ನೋಡುವ ಮಾದರಿ ಸಮೀಕ್ಷೆಗಳೇ ಆದ್ದರಿಂದ ನಿಮ್ಮ ಮಗನ ಹೆಸರಿನ ಮುಂದೆ ಅಲ್ಲಿ ಯಾವ ಅಂಕವೂ ಇರುವುದಿಲ್ಲ.

ಇನ್ನು ಕಾರ್ಡಿನ ಎ ಶ್ರೇಣಿ. ವರ್ಷದ ನಡುನಡುವೆ ಶಾಲೆಯಲ್ಲಿ ಮಾಡುವ ರೂಪಣಾತ್ಮಕ ಮೌಲ್ಯಮಾಪನವು ಈಚೆಗೆ ಕಲಿಸಿದ ಪಾಠದ ಮೇಲೆ ನಡೆಯುತ್ತದೆ. ಚಟುವಟಿಕೆ, ಮೌಖಿಕ ಉತ್ತರ ಎಲ್ಲವೂ ಅದರಲ್ಲಿ ಸೇರುತ್ತವೆ. ಪಾಠದ ಪದ್ಯವನ್ನು ರಾಗವಾಗಿ ಒಪ್ಪಿಸುತ್ತಿರುವ ಮಗುವಿನ ಬೆರಳು ಪುಸ್ತಕದ ಬೇರೊಂದು ಸಾಲಿನ ಮೇಲೆ ಇರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಮಗುವಿನ ನೆನಪು ಗಟ್ಟಿಯಾಗಿದೆ, ಓದು ಇನ್ನೂ ಬಂದಿಲ್ಲ. ಮನೆಯಲ್ಲಿ ಪರೀಕ್ಷಿಸಬೇಕೆಂದರೆ ಪಠ್ಯಪುಸ್ತಕ ಬದಿಗಿಟ್ಟು, ಬಸ್ಸಿನ ಬೋರ್ಡನ್ನೋ ಮದುವೆಯ ಆಮಂತ್ರಣವನ್ನೋ ಓದಿಸಿ.

ಗಣಿತದ ಬಗ್ಗೆ ಯಾರೂ ಕೇಳುವುದಿಲ್ಲ. ಅದೇ ಅಸರ್ ವರದಿಯ ಪ್ರಕಾರ ದಶಕ ಬಿಡಿಸಿ ಮಾಡುವ ಎರಡಂಕಿಯ ವ್ಯವಕಲನ ಬರುವ ಮೂರನೇ ತರಗತಿಯ ಮಕ್ಕಳು ನೂರಕ್ಕೆ 33.7 ಮಂದಿ. 52ರಲ್ಲಿ 27 ಕಳೆಯಿರಿ ಎಂದರೆ, ಎರಡರಲ್ಲಿ ಏಳು ಹೋಗುವುದಿಲ್ಲವಾದ್ದರಿಂದ ಮಗು ಏಳರಲ್ಲೇ ಎರಡು ಕಳೆದು 35 ಎಂದು ಬರೆಯುತ್ತದೆ. (ಇಲ್ಲಿಯೂ ಆ ಮೂವತ್ತೈದು ನನ್ನನ್ನು ಬಿಟ್ಟಿಲ್ಲ.)

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ‘ಇಪ್ಪತ್ತಮೂರು’ ಎನ್ನುವಾಗ ಕನ್ನಡ ಬರೆಯುವ ಕ್ರಮದಲ್ಲೇ ಹತ್ತುಗಳನ್ನು ಮೊದಲು ಹೇಳುತ್ತದೆ. ಮರಾಠಿಯ ‘ತೇವೀಸ’ ಮೂರನ್ನು ಮೊದಲು ಹೇಳಿ ಆಮೇಲೆ ಇಪ್ಪತ್ತಕ್ಕೆ ಬರುತ್ತದೆ. ಉರ್ದುವಿನ ‘ತೇಯಿಸ್’ ಕೂಡ ಹಾಗೆಯೇ. ಮರಾಠಿಯ ‘ಏಕೋಣತೀಸ’ ಅಂತೂ ಮೂವತ್ತಕ್ಕೆ ಒಂದು ಕಡಿಮೆ ಎಂದು ಇಪ್ಪತ್ತೊಂಬತ್ತನ್ನು ಸೂಚಿಸುತ್ತದೆ. ನಿಪ್ಪಾಣಿ ಕಡೆಯ ಮರಾಠಿ ಮನೆಯ ಮಗುವೋ, ವಿಜಯಪುರದ ಉರ್ದು ಮನೆಯ ಮಗುವೋ 23ರ ಬದಲು 32 ಬರೆದರೆ ಅದನ್ನು ದಡ್ಡತನ ಎನ್ನಲಾಗದು. ಕಿವಿಗೆ ಬಿದ್ದ ಕ್ರಮದಲ್ಲೇ ಅದು ಬರೆದಿದೆ.

ಈ ತೊಡಕಿಗೂ ಆ ಕಳೆಯುವ ಲೆಕ್ಕಕ್ಕೂ ನಾನು ಬಳಸುವುದು ಜೋಳದ ದಂಟಿನ ತುಂಡುಗಳನ್ನು. ಹತ್ತು ತುಂಡಿಗೆ ಒಂದು ಕಟ್ಟು ಕಟ್ಟಿ, ಐದು ಕಟ್ಟು ಮತ್ತು ಎರಡು ಬಿಡಿ ತುಂಡುಗಳನ್ನು ಮಗುವಿನ ಮುಂದಿಟ್ಟು ಇಪ್ಪತ್ತೇಳು ಕೊಡು ಎನ್ನುತ್ತೇನೆ. ಮಗು ಎರಡು ಕಟ್ಟು ಕೊಡುತ್ತದೆ, ಎರಡು ಬಿಡಿ ತುಂಡು ಕೊಡುತ್ತದೆ, ಇನ್ನೂ ಐದು ಬೇಕೆಂದು ತಿಳಿದು ನನ್ನ ಮುಖ ನೋಡುತ್ತದೆ. ನಾನು ಸುಮ್ಮನಿರುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಅದು ತಾನಾಗಿಯೇ ಒಂದು ಕಟ್ಟಿನ ದಾರ ಬಿಚ್ಚುತ್ತದೆ.